ಉಮಾ ಕೇಳುವ ತನಕ

ವಿಲಾಯತಿಗೆ ಹೋಗಿ ಬಂದವರು ಅಲ್ಲಿನ ಅರಮನೆ, ಸೇತುವೆ, ದೊಡ್ಡ ಗಡಿಯಾರ ಇವುಗಳ ಬಗ್ಗೆ ಹೇಳುತ್ತಾರೆ. ನಾನು ಅವುಗಳಲ್ಲಿ ಒಂದನ್ನೂ ನೋಡಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಐದಾರು ತಿಂಗಳು ಇಂಗ್ಲೆಂಡಿನಲ್ಲಿದ್ದು ನಾನು ನೋಡಿದ್ದು ಹೆಚ್ಚಾಗಿ ನಮ್ಮಣ್ಣನ ಮನೆಯ ಕಂದು ಬಣ್ಣದ ಕಾರ್ಪೆಟ್ಟನ್ನು. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಮಗಳು ಉಮಾಳ ಮುಖ ನೋಡುತ್ತಾ ಕಾಯುವುದೇ ನನ್ನ ಪ್ರವಾಸವಾಗಿತ್ತು. ವಾಪಸ್ಸು ಬಂದಾಗ ಗುಬ್ಬಿಯ ನಮ್ಮ ಶಾಲೆಯಲ್ಲಿ ಎಲ್ಲರೂ ಸುತ್ತ ಕೂತು ಏನೇನು ನೋಡಿದಿರಿ ಎಂದು ಕೇಳಿದರು. ಏನು ಹೇಳಬೇಕೋ ತಿಳಿಯದೆ, ಅಲ್ಲಿ ವಿಪರೀತ ಚಳಿ ಎಂದುಬಿಟ್ಟೆ. ಅವರಿಗೆ ನಿರಾಸೆಯಾಯಿತು. ಈಗ ಸರಿಯಾಗಿ ಹೇಳುತ್ತೇನೆ.

ಬಟವಾಡಿ

ಆಗ ನಮ್ಮ ಮನೆ ತುಮಕೂರಿನ ಬಟವಾಡಿಯಲ್ಲಿ, ಹೈವೇಗೆ ಹತ್ತಿರವಾಗಿತ್ತು. ಮುಂದುಗಡೆ ನಮ್ಮ ಮನೆಯವರ ಮೋಟಾರ್ ವೈಂಡಿಂಗ್ ಅಂಗಡಿ, ಹಿಂದುಗಡೆ ನಾವಿದ್ದ ಬಾಡಿಗೆ ಮನೆ. ನಾನು ದಿನಾ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ಸಂಜೆಗೆ ಬರುತ್ತಿದ್ದೆ. ಹಗಲೆಲ್ಲ ಉಮಾಳನ್ನು ನೋಡಿಕೊಳ್ಳುತ್ತಿದ್ದವರು ನನ್ನ ಅತ್ತೆ ಸಿದ್ದಮ್ಮನವರು. ಕುಣಿಗಲ್ಲಿನ ಹೆಣ್ಣುಮಗಳು. ಹಣೆ ತುಂಬ ವಿಭೂತಿ. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವರು.

ಉಮಾಳಿಗೆ ಮೂರು ತುಂಬಿದರೂ ಮಾತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಕೇಳಿಸುವುದಿಲ್ಲವೇನೋ ಅಂದುಕೊಂಡರೆ, ಅಂಗಡಿಯಲ್ಲಿ ರಿಪೇರಿಯಾದ ಮೋಟಾರು ತಿರುಗಿದ ಸದ್ದಿಗೆ ಹಿತ್ತಲಿನಿಂದ ಓಡಿಬರುತ್ತಿದ್ದಳು. ಪಾತ್ರೆಯ ಮುಚ್ಚಳ ಸಿಕ್ಕರೆ ಅದನ್ನು ಬುಗುರಿಯಂತೆ ತಿರುಗಿಸಿ, ಅದು ನಿಲ್ಲುವ ತನಕ ಕಣ್ಣು ಕೀಳುತ್ತಿರಲಿಲ್ಲ. ಏನಾದರೂ ಬೇಕಾದರೆ ಕಿರುಚುತ್ತಿದ್ದಳು. ಏನು ಬೇಕೆಂದು ನಾವೇ ಊಹಿಸಬೇಕು. ಊಹಿಸುವುದರಲ್ಲಿ ಅತ್ತೆಯನ್ನು ಮೀರಿಸುವವರಿರಲಿಲ್ಲ. ಮಗು ಕಿರುಚುವ ಮುಂಚೆಯೇ ನೀರಿನ ಲೋಟ ಅದರ ಬಾಯಿಗೆ ಬಂದಿರುತ್ತಿತ್ತು.

ತಾಯಿತ ಕಟ್ಟಿಸಿದೆವು, ದೃಷ್ಟಿ ತೆಗೆಸಿದೆವು. ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಅವರು ಮಗುವನ್ನು ಸರಿಯಾಗಿ ನೋಡಲೂ ಇಲ್ಲ. ನಾನು ಕೆಲಸಕ್ಕೆ ಹೋಗುತ್ತೇನೆಂದು ಕೇಳಿ ತಿಳಿದುಕೊಂಡು, "ತಾಯಿ ಪ್ರೀತಿ ಸಾಲ್ತಾ ಇಲ್ಲ, ಅಷ್ಟೇ" ಎಂದರು.  ವಾಪಸ್ಸು ಬರುವ ಬಸ್ಸಿನಲ್ಲಿ ನೆಲಮಂಗಲದಿಂದ ದಾಬಸ್‌ಪೇಟೆಯ ತನಕ ಆ ಮನುಷ್ಯನನ್ನು ಬೈದೆ. ನಮ್ಮ ಮನೆಯವರು ಕಿಟಕಿಯಾಚೆ ನೋಡುತ್ತಾ ಎಲ್ಲದಕ್ಕೂ ತಲೆಯಾಡಿಸಿದರು.

ನಮ್ಮಣ್ಣ ರುದ್ರಪ್ಪ ಆಗ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದ. ಅತ್ತಿಗೆ ಪುಷ್ಪ ಅಲ್ಲೇ ಆಸ್ಪತ್ರೆಯಲ್ಲಿ ನರ್ಸು. ನಾನು ಉಮಾಳ ವಿಷಯ ಬರೆದದ್ದಕ್ಕೆ ಅತ್ತಿಗೆ ಉತ್ತರ ಬರೆದಳು. ಇದಕ್ಕೆ ಆಟಿಸಂ ಎಂದು ಹೆಸರು, ಔಷಧಿ ಇಲ್ಲ, ಆದರೆ ಇಲ್ಲಿ ಚಿಕ್ಕ ಮಕ್ಕಳ ಮನೆಗೇ ಬಂದು ತಾಯಂದಿರಿಗೆ ಹೇಳಿಕೊಡುವ ಟೀಚರುಗಳಿದ್ದಾರೆ, ಒಂದು ನಡವಳಿಕೆಯನ್ನು ಸಣ್ಣ ಸಣ್ಣ ಚೂರು ಮಾಡಿ ಕಲಿಸುತ್ತಾರೆ, ಮಗು ಒಂದು ಚೂರು ಮಾಡಿದ ಕೂಡಲೇ ಅದಕ್ಕೆ ಇಷ್ಟವಾದದ್ದನ್ನು ಕೊಡುತ್ತಾರೆ, ಶುರು ಮಾಡುವುದಾದರೆ ಈ ವಯಸ್ಸಿನಲ್ಲೇ ಮಾಡಬೇಕು, ಕರೆದುಕೊಂಡು ಬಾ ಎಂದಿದ್ದಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾನೇ ಕ್ಲಾಸಿನಲ್ಲಿ ಎಷ್ಟು ಸಲ ಹೇಳಿಲ್ಲ!

ಅತ್ತೆಗೆ ಓದಿ ಹೇಳಿದೆ. ಅವರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದರು.

"ನಮ್ಮೂರ ಕುದ್ರೆ ಫಾರಂನಲ್ಲಿ ಮರಿಗಳ್ನ ಪಳಗಿಸ್ತಾರಲ್ಲ, ಹಂಗಾ? ಬೆಲ್ಲ ತೋರ್ಸಿ ಕುಣ್ಸಕ್ಕೆ ನನ್ ಮೊಮ್ಮಗ್ಳೇನ್ ಕುದ್ರೆ ಮರೀನಾ?"

 ನಮ್ಮ ಮನೆಯವರು ಹೋಗಿ ಬರಲಿ ಬಿಡವ್ವ ಎಂದು ನನ್ನ ಪರ ವಹಿಸಿದ ಮೇಲೆ ಅತ್ತೆ ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು.

"ಹೋಗ್ಬಾ. ಬಂದ್ಮೇಲೆ ಮಾತ್ರ ಡಾಕ್ಟ್ರು ಗೀಕ್ಟ್ರು ಅಂತ ಈ ಮಗೀನ ಎಳ್ದಾಡಂಗಿಲ್ಲ. ಮಾತು ಬರ್ದಿದ್ರೆ ಬುಡು. ನಾನಿರೋಗಂಟ ಸಾಕ್ತೀನಿ."

ನಾನಿರೋಗಂಟ. ಆ ಮಾತು ನನ್ನ ಎದೆಯಲ್ಲಿ ನಾಟಿಕೊಂಡಿತು. ಆಮೇಲೆ? ಅತ್ತೆ ಇಲ್ಲದ ದಿನ, ನಾನೂ ಇಲ್ಲದ ದಿನ, ಗೊತ್ತಿಲ್ಲದ ಯಾರದೋ ಮನೆಯಲ್ಲಿ ಇವಳಿಗೆ ಬಾಯಾರಿದರೆ? ಆವತ್ತೇ ಹಠ ತೊಟ್ಟೆ. ಇವಳು ಪದ್ಯ ಹೇಳದಿದ್ದರೂ ಸರಿ, ಮಗ್ಗಿ ಹೇಳದಿದ್ದರೂ ಸರಿ. ತನಗೆ ಬೇಕಾದ ನೀರನ್ನು ಇನ್ನೊಬ್ಬರ ಮುಖ ನೋಡಿ ಕೇಳುವುದನ್ನು ಕಲಿಯಬೇಕು. ಅದನ್ನು ಕಲಿಸದೆ ನಾನು ಬಿಡುವುದಿಲ್ಲ.

ಹೀಥ್ರೋ

ವಿಮಾನದಲ್ಲಿ ಉಮಾ ಯಾರೂ ನಿರೀಕ್ಷಿಸದಷ್ಟು ಶಾಂತವಾಗಿದ್ದಳು. ಆ ಗುಂಯ್ ಎನ್ನುವ ಸದ್ದು ಅವಳಿಗೆ ಅಪ್ಪನ ಅಂಗಡಿಯಂತೆ ಕೇಳಿಸಿರಬೇಕು. ತೊಂದರೆಯಾದದ್ದು ಇಳಿದ ಮೇಲೆ. ಲಗೇಜು ಬರುವ ಜಾಗದಲ್ಲಿ ಒಂದು ಕಪ್ಪು ಬೆಲ್ಟು ತನ್ನಷ್ಟಕ್ಕೆ ತಾನು ಸುತ್ತು ಹಾಕುತ್ತಿತ್ತು. ಉಮಾ ಹುಟ್ಟಿದಾಗಿನಿಂದ ಅಷ್ಟು ದೊಡ್ಡ ತಿರುಗುವ ವಸ್ತುವನ್ನು ಕಂಡವಳಲ್ಲ. ಕೈ ತಟ್ಟಿ ಕುಣಿದಳು. ಅವಳು ಖುಷಿಯಾಗಿದ್ದಾಳಲ್ಲ ಎಂದು ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ, ಬೆಲ್ಟಿನ ಮೇಲೆ ಹತ್ತಿ ಯಾರದೋ ಸೂಟ್‌ಕೇಸಿನ ಪಕ್ಕ ಅಂಗಾತ ಮಲಗಿಬಿಟ್ಟಿದ್ದಳು.

ಬೆಲ್ಟು ಹೊರಟಿತು, ಮಗಳೂ ಹೊರಟಳು. ನಾನು ಸೀರೆ ಎತ್ತಿಕೊಂಡು ಪಕ್ಕದಲ್ಲೇ ಓಡುತ್ತಾ "ಹಿಡೀರಪ್ಪಾ, ಹಿಡೀರೋ" ಎಂದು ಅಚ್ಚ ಕನ್ನಡದಲ್ಲಿ ಕೂಗಿದೆ. ರಬ್ಬರ್ ಪರದೆಯೊಳಗೆ ಅವಳು ಮಾಯವಾಗಲು ಇನ್ನೇನು ಒಂದು ಮಾರು ಇದೆ ಎನ್ನುವಾಗ ಯೂನಿಫಾರಂ ಹಾಕಿದ ಸರದಾರ್ಜಿಯೊಬ್ಬರು ಎತ್ತಿ ನನ್ನ ಕೈಗಿತ್ತರು. ಉಮಾ ಆಕಾಶ ಭೂಮಿ ಒಂದಾಗುವಂತೆ ಕಿರುಚಿದಳು, ಅವರ ಪೇಟಕ್ಕೆ ಕೈ ಹಾಕಿದಳು. ಅವರು ನಕ್ಕು, ಬೆಲ್ಟು ಕಾಣುವ ಹಾಗೆ ನಮ್ಮಿಬ್ಬರನ್ನೂ ನೆಲದ ಮೇಲೆ ಕೂರಿಸಿ ಹೋದರು. ವಿಮಾನದವರೆಲ್ಲ ಹೋಗಿ ಬೆಲ್ಟು ನಿಲ್ಲುವ ತನಕ ನಾವು ಅಲ್ಲೇ ಕೂತಿದ್ದೆವು. ಹೊರಗೆ ಕಾಯುತ್ತಿದ್ದ ಅಣ್ಣ ನಾವು ವಿಮಾನವನ್ನೇ ಹತ್ತಿಲ್ಲವೆಂದು ತೀರ್ಮಾನಿಸಿ ಕಾರಿನ ಹತ್ತಿರ ಹೋಗಿದ್ದನಂತೆ.

ಒಂದು ವಿಷಯ ಗಮನಿಸಿದೆ. ಇಷ್ಟು ರಂಪವಾದರೂ ಆ ಸರದಾರ್ಜಿಯನ್ನು ಬಿಟ್ಟರೆ ಅಲ್ಲಿ ಯಾರೂ ನಮ್ಮತ್ತ ನೋಡಲಿಲ್ಲ. ನಮ್ಮ ತುಮಕೂರು ಬಸ್ ಸ್ಟ್ಯಾಂಡಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಸುತ್ತ ಜನ ಸೇರಿ, ಒಬ್ಬರು ಬಾಳೆಹಣ್ಣು ಕೊಟ್ಟು, ಇನ್ನೊಬ್ಬರು ಹೊಡೆಯಿರಿ ಎಂದು, ಮತ್ತೊಬ್ಬರು ಯಾವ ದೇವರಿಗೆ ಹರಕೆ ಹೊರಬೇಕೆಂದು ಹೇಳಿ ಮುಗಿಸಿರುತ್ತಿದ್ದರು. ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ, ಅಲ್ಲಿ ಯಾರೂ ಕೇಳುವುದಿಲ್ಲ. ಯಾವುದು ಮೇಲು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಕೊವೆಂಟ್ರಿ

ಅತ್ತಿಗೆಯ ಸ್ನೇಹಿತೆಯಾಗಿದ್ದ ಟೀಚರ ಹೆಸರು ಜೋನ್. ಐವತ್ತರ ಆಸುಪಾಸು, ಉದ್ದ ಕಾಲು, ಸದಾ ಒದ್ದೆಯಾಗಿರುವ ರೇನ್‌ಕೋಟು. ನಾವು ಆ ದೇಶದವರಲ್ಲದ ಕಾರಣ ಅವರ ಸರ್ಕಾರಿ ಕೆಲಸದ ಲೆಕ್ಕಕ್ಕೆ ಸೇರುವವರಲ್ಲ. ಆದರೂ ಅತ್ತಿಗೆಯ ಮುಖ ನೋಡಿ, ಮಂಗಳವಾರ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಬಂದು ಹೋಗಲು ಒಪ್ಪಿದ್ದರು.

ಮೊದಲ ಮಂಗಳವಾರ ನಾನು ಉಪ್ಪಿಟ್ಟು ಮಾಡಿದ್ದೆ. ಮನೆಗೆ ಬಂದ ಟೀಚರನ್ನು ಹಾಗೇ ನೆಲದ ಮೇಲೆ ಕೂರಿಸಿ ಕೆಲಸ ಹೇಳುವುದುಂಟೇ? ಉಪ್ಪಿಟ್ಟಾಯಿತು, ಇನ್ನೊಂದು ಸೌಟು ಆಯಿತು, ಕಾಫಿಯಾಯಿತು, ಬಾಳೆಹಣ್ಣು ಸುಲಿದು ಕೈಗೆ ಕೊಟ್ಟದ್ದಾಯಿತು. ಪಾಪ, ಹಸಿಮೆಣಸಿನಕಾಯಿಗೆ ಕಣ್ಣಲ್ಲಿ ನೀರು ತುಂಬಿಕೊಂಡೇ ತಿಂದರು. ಅಷ್ಟರಲ್ಲಿ ಅವರು ಇಟ್ಟಿದ್ದ ಒಂದು ಗಂಟೆ ಮುಗಿದುಹೋಯಿತು. ಮುಂದಿನ ವಾರ ಬಾಗಿಲಲ್ಲೇ ಹೊಟ್ಟೆ ಮುಟ್ಟಿ ತೋರಿಸಿ, ನಾನು ತಿಂದು ಬಂದಿದ್ದೇನೆ ಎಂದರು.

ಆವತ್ತು ಅವರು ಉಮಾಳಿಗೆ ಏನೂ ಮಾಡಲಿಲ್ಲ. ಸುಮ್ಮನೆ ಕೂತು ನೋಡಿದರು. ಅವರು ನೋಡುತ್ತಿದ್ದದ್ದು ಮಗುವನ್ನಲ್ಲ, ನನ್ನನ್ನು ಎಂದು ತಡವಾಗಿ ತಿಳಿಯಿತು. ಉಮಾ ಕಿಟಕಿಯತ್ತ ಹೋದರೆ ನಾನು ಪರದೆ ಸರಿಸಿದೆ. ತುಟಿ ಸವರಿಕೊಂಡರೆ ಲೋಟ ತಂದೆ. ಕೈ ಆಡಿಸಿದರೆ ಮುಚ್ಚಳ ಕೊಟ್ಟೆ. ಹೋಗುವಾಗ ಜೋನ್ ಬಹಳ ಮೆತ್ತಗೆ ಹೇಳಿದರು. ಈ ಮಗುವಿಗೆ ಮಾತು ಯಾಕೆ ಬೇಕು ಗಿರಿಜಾ? ಅವಳು ಕೇಳುವ ಮೊದಲೇ ಎಲ್ಲ ಬಂದುಬಿಡುತ್ತದಲ್ಲ.

ನನಗೆ ರೇಗಿಹೋಯಿತು. ಬೆಂಗಳೂರಿನ ಡಾಕ್ಟರು ಪ್ರೀತಿ ಸಾಲದು ಎಂದರು, ಇಲ್ಲಿಯ ಟೀಚರು ಜಾಸ್ತಿಯಾಯಿತು ಎನ್ನುತ್ತಾರೆ. ಹಾಗಾದರೆ ಎಷ್ಟು ಹಾಕಬೇಕು, ಸೌಟಿನಲ್ಲಿ ಅಳೆದು ಹೇಳಲಿ. ಹೀಗೆಂದೇ ಹೇಳು ಎಂದು ಅತ್ತಿಗೆಗೆ ಹೇಳಿದೆ. ಅತ್ತಿಗೆ ಎಷ್ಟು ಹೇಳಿದಳೋ, ಎಷ್ಟು ಬಿಟ್ಟಳೋ. ಜೋನ್ ರೇನ್‌ಕೋಟು ಬಿಚ್ಚಿಟ್ಟು ಮತ್ತೆ ಕೂತರು. ಇದು ನಿಮ್ಮ ಪ್ರೀತಿ ಹೆಚ್ಚು ಕಮ್ಮಿಯಾಗಿ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು, ನೀವು ಮಾಡಿದ್ದು ಏನೂ ಇಲ್ಲ ಎಂದು ನಿಧಾನವಾಗಿ, ನನಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಹೇಳಿದರು. ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅಷ್ಟು ದಿನ ಯಾರೂ ನನಗೆ ಆ ಒಂದು ಮಾತು ಹೇಳಿರಲಿಲ್ಲ.

ಜೋನ್ ಮನೆ

ಒಂದು ಶನಿವಾರ ಜೋನ್ ನಮ್ಮನ್ನು ಮನೆಗೆ ಕರೆದರು. ಅಣ್ಣ ಕಾರಿನಲ್ಲಿ ಬಿಟ್ಟು ಡ್ಯೂಟಿಗೆ ಹೋದ. ಯಾರಾದರೂ ಕರೆದರೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗುವುದು ನಮ್ಮ ಪದ್ಧತಿ. ಇಲ್ಲದಿದ್ದರೆ ಬಡಿಸುವವರಿಗೆ ಬೇಜಾರು. ಹಾಗಾಗಿ ಬೆಳಿಗ್ಗೆ ಏನೂ ತಿಂದಿರಲಿಲ್ಲ.

ಕೂತ ಕೂಡಲೇ ಜೋನ್ ಟೀ ತಗೋತೀರಾ ಎಂದು ಕೇಳಿದರು. ಬೇಡ, ಥ್ಯಾಂಕ್ಯೂ ಎಂದೆ. ಕರೆದ ಮನೆಯಲ್ಲಿ ಮೊದಲ ಸಲಕ್ಕೇ ಹೂಂ ಎನ್ನುವ ಹೆಣ್ಣನ್ನು ಗುಬ್ಬಿಯಲ್ಲಿ ಏನೆಂದು ಕರೆಯುತ್ತಾರೆಂದು ನನಗೆ ಗೊತ್ತು. ಜೋನ್ ತಲೆಯಾಡಿಸಿ ಒಳಗೆ ಹೋಗಿ ಒಂದೇ ಒಂದು ಕಪ್ಪು ಟೀ ಹಿಡಿದುಕೊಂಡು ಬಂದರು. ನನ್ನೆದುರಿಗೇ ಕುಡಿದರು. ಕೇಕು ಎಂದು ಕೇಳಿದಾಗಲೂ ರೂಢಿಯಂತೆ ಬೇಡ ಎಂದೆ. ಈ ಸಲವಾದರೂ ತಟ್ಟೆ ಮುಂದಕ್ಕೆ ತಳ್ಳುತ್ತಾರೆ, ನಾನು ಕೈ ಅಡ್ಡ ಹಿಡಿಯುತ್ತೇನೆ, ಆಮೇಲೆ ಒಂದು ಚೂರು ಮಾತ್ರ ಎನ್ನುತ್ತೇನೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ತಟ್ಟೆ ವಾಪಸ್ಸು ಹೋಯಿತು. ನನ್ನ ಹೊಟ್ಟೆ ಗೊರ್ ಎಂದಿತು. ಜೋನ್ ಹೊರಗೆ ಗುಡುಗಿತೇ ಎಂಬಂತೆ ಕಿಟಕಿ ಕಡೆ ನೋಡಿದರು.

ಸಂಜೆಯ ಹೊತ್ತಿಗೆ ಕಣ್ಣು ಮಂಜಾಗತೊಡಗಿತು. ಅಣ್ಣ ಬರುವುದಕ್ಕೆ ಇನ್ನೂ ಬಹಳ ಹೊತ್ತಿತ್ತು. ಕೇಳದೆ ಗತಿಯಿಲ್ಲ. ಐದನೇ ಕ್ಲಾಸಿಗೆ ಇಂಗ್ಲಿಷ್ ಹೇಳುವವಳು ನಾನು, ಒಂದು ಸಣ್ಣ ವಾಕ್ಯ ಜೋಡಿಸಲು ಒದ್ದಾಡಿದೆ. ವಾಕ್ಯ ಸಿಕ್ಕಿದರೆ ಧೈರ್ಯ ಇಲ್ಲ, ಧೈರ್ಯ ಬಂದರೆ ವಾಕ್ಯ ಇಲ್ಲ.  ಕಡೆಗೆ ನೆಲ ನೋಡುತ್ತಾ ನನಗೆ ಟೀ ಬೇಕು ಎಂದೆ. ಜೋನ್ ಚಂಗನೆ ಎದ್ದರು. ಆಗ ಯಾಕೆ ಬೇಡ ಎಂದಿರಿ ಎಂದು ಕೇಳಲಿಲ್ಲ, ನಗಲಿಲ್ಲ. ಗಳಿಗೆಯಲ್ಲಿ ಟೀ, ಕೇಕು, ಬ್ರೆಡ್ಡಿನ ಮಧ್ಯೆ ಚೀಸು ಎಲ್ಲ ಬಂತು. ಎರಡನೇ ಕಪ್ಪನ್ನು ನಾನು ಅವರ ಮುಖ ನೋಡಿಯೇ ಕೇಳಿದೆ.

ಆ ಎರಡನೇ ಕಪ್ಪು ಕುಡಿಯುತ್ತಿದ್ದಾಗ ನನಗೆ ಅವರ ಪಾಠ ಹೊಳೆಯಿತು. ಮಾತು ಬಲ್ಲ ನನಗೇ ಕೇಳುವುದು ಇಷ್ಟು ಕಷ್ಟವಾಯಿತು, ಉಮಾಳಿಗೆ ಎಷ್ಟಾಗಬೇಡ. ಕೇಳಿದ ತಕ್ಷಣ ಸಿಕ್ಕಿದ್ದರಿಂದಲೇ ನನಗೆ ಮತ್ತೆ ಕೇಳುವ ಧೈರ್ಯ ಬಂತು. ಜೋನ್ ಇಡೀ ಮಧ್ಯಾಹ್ನ ಬೇಕೆಂದೇ ಹಾಗೆ ಮಾಡಿದರೋ ಎಂದು ಅನುಮಾನ ಬಂದು ಅತ್ತಿಗೆಯನ್ನು ಕೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ಈ ದೇಶದಲ್ಲಿ ಬೇಡ ಎಂದರೆ ಬೇಡ ಅಷ್ಟೇ, ಮೊದಲ ವರ್ಷ ಅವಳೂ ಹಸಿದುಕೊಂಡೇ ತಿರುಗಿದ್ದಳಂತೆ.

ಕಾರ್ಪೆಟ್ಟಿನ ಮೇಲೆ

ಜೋನ್ ನೀರಿನಿಂದ ಶುರು ಮಾಡಲಿಲ್ಲ. ಒಂದು ಪುಟ್ಟ ಡಬ್ಬಿ ತಂದು ಸೋಪಿನ ಗುಳ್ಳೆ ಊದಿದರು. ನಾನು ಸಮುದ್ರ ದಾಟಿ ಬಂದದ್ದು ಸೋಪಿನ ಗುಳ್ಳೆ ನೋಡುವುದಕ್ಕಾ ಎಂದು ಒಳಗೇ ಗೊಣಗಿಕೊಂಡೆ. ಆದರೆ ಉಮಾ ಮುಚ್ಚಳವನ್ನು ಬಿಟ್ಟು ಎದ್ದು ಬಂದಳು. ಜೋನ್ ಒಮ್ಮೆ ಊದಿ ಡಬ್ಬಿ ಮುಚ್ಚಿ ಕೈಯಲ್ಲಿ ಹಿಡಿದು ಸುಮ್ಮನಾದರು.

ಇದಕ್ಕೆ ನಿಮ್ಮ ಮನೆಯಲ್ಲಿ ಯಾವ ಪದ ಹೇಳುತ್ತೀರಿ ಎಂದು ನನ್ನನ್ನು ಕೇಳಿದರು. ಅಣ್ಣನಿಗೆ ಉಮಾ ಇಂಗ್ಲಿಷಿನಲ್ಲೇ ಕಲಿಯಲಿ ಎಂಬ ಆಸೆ. ಅವಳು ವಾಪಸ್ಸು ಹೋಗುವುದು ನಿಮ್ಮ ಜನರ ನಡುವಿಗೆ ತಾನೇ ಎಂದು ಜೋನ್ ಅವನ ಬಾಯಿ ಮುಚ್ಚಿಸಿದರು. ಊದು ಎಂದು ಹೇಳಿಕೊಟ್ಟೆ. ಅಲ್ಲಿಂದಾಚೆ ಆ ಮಹಾತಾಯಿ ವಾರವಾರವೂ "ಊಡು, ಊಡು" ಎನ್ನುತ್ತಾ ಕಾರ್ಪೆಟ್ಟಿನ ಮೇಲೆ ಅಂಬೆಗಾಲಿಟ್ಟರು.

ಮೊದಲ ದಿನ ಉಮಾ ಕಿರುಚಿದಳು, ತಲೆಗೆ ಕೈಯಿಂದ ಬಡಿದುಕೊಂಡಳು.  ಡಬ್ಬಿ ಕಿತ್ತುಕೊಂಡು ನಾನೇ ಊದಿಬಿಡೋಣ ಎಂದು ಕೈ ಚಾಚಿದೆ. ಜೋನ್ ತಮ್ಮ ಇನ್ನೊಂದು ಕೈಯನ್ನು ನನ್ನ ಕೈಮೇಲಿಟ್ಟು ಒತ್ತಿ ಹಿಡಿದರು. ಈಗ ಊದಿದರೆ ಕಿರುಚಿದ್ದಕ್ಕೆ ಊದಿದ ಹಾಗೆ, ನಾಳೆ ಇನ್ನೂ ಜೋರಾಗಿ ಕಿರುಚುತ್ತಾಳೆ ಎಂದರು. ಆದರೆ ಅವಳನ್ನು ಸತಾಯಿಸಲೂ ಇಲ್ಲ. ಉಮಾ ಉಸಿರು ತೆಗೆದುಕೊಳ್ಳಲು ನಿಂತ ಒಂದು ಗಳಿಗೆಯಲ್ಲಿ ಅವಳ ಬೆರಳು ಹಿಡಿದು ಡಬ್ಬಿಗೆ ಮುಟ್ಟಿಸಿದರು, ಮುಟ್ಟಿಸಿದ್ದೇ ತಡ ಊದಿದರು. ಅಷ್ಟೇ ಆ ದಿನದ ಪಾಠ.

ಉಳಿದ ದಿನಗಳಲ್ಲಿ ನಾನೂ ಅತ್ತಿಗೆಯೂ ಅದನ್ನೇ ಮಾಡಿದೆವು. ಒಂದು ದಿನ ಉಮಾ ತಾನೇ ಬೆರಳು ತಂದು ಮುಟ್ಟಿಸಿದಳು. ಮುಟ್ಟುವುದು ಗಟ್ಟಿಯಾದ ಮೇಲೆ, ಮುಟ್ಟಿ ನಮ್ಮ ಮುಖ ನೋಡುವ ತನಕ ಕಾದೆವು. ನೋಡುವುದು ಗಟ್ಟಿಯಾದ ಮೇಲೆ ಸದ್ದಿಗೆ ಕಾದೆವು. ಬೇಸರ ಬಂದ ದಿನಗಳಿವೆ. ಹಿಮ ಬಿದ್ದು ಊರೆಲ್ಲ ಬೆಳ್ಳಗಾಗಿದ್ದಾಗ ಎಲ್ಲರೂ ಹೊರಗೆ ಹೋದರೂ ನಾನು ಹೋಗಲಿಲ್ಲ. ಆವತ್ತು ಮಧ್ಯಾಹ್ನ ಉಮಾ ಡಬ್ಬಿಯ ಮೇಲೆ ಬೆರಳಿಟ್ಟು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ತುಟಿ ಮುಂದೆ ಮಾಡಿ "ಊ" ಎಂದಳು. ಅವಸರದಲ್ಲಿ ಅರ್ಧ ಸೋಪು ಚೆಲ್ಲಿಕೊಂಡೇ ಊದಿದೆ. ಅವಳು ಅಂದ ಹಾಗೆಲ್ಲ ಊದಿದೆ, ಕೆನ್ನೆ ನೋಯುವ ತನಕ.

ಆಮೇಲೆ ನೀರಿಗೆ ಬಂದೆವು. ತುಮಕೂರಿನಿಂದ ತಂದಿದ್ದ ಸ್ಟೀಲ್ ಲೋಟವನ್ನೇ ಹಿಡಿದೆ. ಹೊರಡುವ ದಿನ ಹತ್ತಿರ ಬರುವಷ್ಟರಲ್ಲಿ ಉಮಾ ಲೋಟಕ್ಕೆ ಕೈಯಿಟ್ಟು, ಮುಖ ನೋಡಿ, "ನೀ" ಎನ್ನುವುದನ್ನು ಕಲಿತಳು. ಟ್ರಂಕ್ ಕಾಲ್ ಮಾಡಿ ನಮ್ಮ ಮನೆಯವರಿಗೆ ಹೇಳಿದೆ.  ಆ ಕಡೆಯಿಂದ ಮೂಗು ಸೀಟಿಕೊಂಡ ಸದ್ದು ಕೇಳಿಸಿತು.

ಕೊನೆಯ ಮಂಗಳವಾರ ಜೋನ್ ನನಗೊಂದು ಎಚ್ಚರಿಕೆ ಹೇಳಿದರು. ಕಲಿತದ್ದು ಇನ್ನೂ ಎಳೆಯದು, ಅಲ್ಲಿ ಕಾಯುವವರಿಲ್ಲದಿದ್ದರೆ ಬಿಟ್ಟುಹೋಗುತ್ತದೆ, ಮನೆಯಲ್ಲಿ ಎಷ್ಟು ಜನ ಕೊಡುವವರಿದ್ದಾರೆ ಎಂದು ಕೇಳಿದರು. ನಮ್ಮ ಅತ್ತೆ ಒಬ್ಬರೇ ಸಾಕು ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮತ್ತೆ ಬಟವಾಡಿ

ಹೆದರಿದಂತೆಯೇ ಆಯಿತು. ಮೊಮ್ಮಗಳನ್ನು ಅಷ್ಟು ತಿಂಗಳು ಬಿಟ್ಟಿದ್ದ ಅತ್ತೆ ಅವಳನ್ನು ಸೊಂಟದಿಂದ ಕೆಳಗಿಳಿಸಲಿಲ್ಲ. ಉಮಾಳ ಕೈ ಲೋಟದ ಕಡೆ ಹೊರಡುವ ಮುಂಚೆಯೇ ಲೋಟ ಬಾಯಲ್ಲಿರುತ್ತಿತ್ತು. ನನ್ನ ರಜೆ ಮುಗಿದು ಗುಬ್ಬಿಗೆ ಓಡಾಡಲು ಶುರು ಮಾಡಿದ ಕೆಲವೇ ದಿನಗಳಲ್ಲಿ "ನೀ" ನಿಂತುಹೋಯಿತು. ಅವಳು ಮತ್ತೆ ಕಿರುಚತೊಡಗಿದಳು. ಬಸ್ಸಿನಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಷ್ಟು ದೂರ ಹೋಗಿ ತಂದದ್ದು ನಮ್ಮ ಅಡಿಗೆಮನೆಯಲ್ಲೇ ಕಳೆದುಹೋಗುತ್ತಿತ್ತು.

ಅತ್ತೆಯ ಜೊತೆ ಜಗಳವಾಡಿದೆ. ಅವಳು ಕೇಳುವ ತನಕ ಕೊಡಬೇಡಿ ಎಂದರೆ ಅವರಿಗೆ ಅದು ಪಾಪದ ಮಾತಾಗಿ ಕೇಳಿಸಿತು.

"ಕೂಸ್ಗೆ ನೀರು ತೋರ್ಸಿ ಕಾಯ್ಸೋದು ಯಾವೂರ್ ಧರ್ಮವೇ? ಬಂದ ನೆಂಟ್ರಿಗೇ ಕೇಳೋಗಂಟ ಕಾಯ್ಸಕಿಲ್ಲ ನಾವು."

"ಅಳದೆ ತಾಯೀನೂ ಹಾಲು ಕೊಡಲ್ಲ ಅಂತ ನೀವೇ ಅಂತೀರಲ್ಲ ಅತ್ತೆ" ಎಂದೆ.

"ಅದು ಆಫೀಸ್‌ನೋರ್ ತಾವ ಕೆಲ್ಸ ಮಾಡಿಸ್ಕೊಳ್ಳೋರ್ಗೆ ಹೇಳಿರೋದು ಕಣೇ, ಮಕ್ಳಿಗಲ್ಲ."

ಎಷ್ಟು ಸಿಟ್ಟಿದ್ದರೂ ನಗು ಬಂತು. ಆ ನಗುವಿನ ನಡುವೆಯೇ ಬುದ್ಧಿಯೂ ಬಂತು. ಜೋನ್ ಮಗುವಿನಿಂದ ಎಂದಾದರೂ ಇಡೀ ಪಾಠವನ್ನು ಒಂದೇ ದಿನ ಕೇಳಿದ್ದರೇ? ನಾನು ಅರವತ್ತು ದಾಟಿದ ಹೆಂಗಸಿನಿಂದ ಅದನ್ನು ಕೇಳುತ್ತಿದ್ದೆ. ಚೂರು ಮಾಡಬೇಕು.

ಮಾರನೆಯ ದಿನ ಅತ್ತೆಗೆ ಒಂದೇ ಒಂದು ಸಣ್ಣ ಕೆಲಸ ಹೇಳಿದೆ. ಬೆಳಿಗ್ಗೆ ಪೂಜೆ ಮುಗಿಸಿ ಉಮಾಳಿಗೆ ನೀರು ಕೊಡುತ್ತಾರಲ್ಲ, ಆಗ ಲೋಟವನ್ನು ಅವಳೆದುರು ಹಿಡಿದು, ಓಂ ನಮಃ ಶಿವಾಯ ಎಂದು ಒಂದೇ ಸಲ ಮೆಲ್ಲಗೆ ಹೇಳಿಕೊಂಡು ಆಮೇಲೆ ಕೊಡಿ. ಉಳಿದ ಹೊತ್ತು ನಿಮ್ಮ ಇಷ್ಟ. ಶಿವನ ಹೆಸರು ಹೇಳುವುದಕ್ಕೆ ಅತ್ತೆ ಹೇಗೆ ಬೇಡ ಎಂದಾರು? ಮೊದಲ ದಿನ ಎಕ್ಸ್‌ಪ್ರೆಸ್ ಬಸ್ಸಿನ ವೇಗದಲ್ಲಿ ಹೇಳಿ ಮುಗಿಸಿದರು. ಹೇಳಿದ ಕೂಡಲೇ ನಾನು ಎಳೆ ಎಲೆ ಆರಿಸಿ, ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ ಅವರ ಕೈಗೆ ಕೊಟ್ಟೆ. ದಿನಾ ಹೀಗೇ. ಅವರು ಸ್ವಲ್ಪ ನಿಧಾನವಾಗಿ ಹೇಳಿದ ದಿನ ಎಲೆಯ ಜೊತೆ ಒಂದು ಲವಂಗ. ಸ್ವಲ್ಪ ದಿನ ನಡೆದ ಮೇಲೆ ಅತ್ತೆ ಎಲೆ ಅಗಿಯುತ್ತಾ ನನ್ನನ್ನು ಓರೆಗಣ್ಣಿನಲ್ಲಿ ನೋಡಿದರು.

"ನನ್ನೂ ಪಳಗಿಸ್ತಿದೀಯೇನೇ?"

ಹೌದು ಅತ್ತೆ ಎಂದೆ. ಅವರು ಹ್ಞೂಂ ಎಂದು ಇನ್ನೊಂದು ಲವಂಗಕ್ಕೆ ಕೈ ಚಾಚಿದರು.

ಅದಾದ ಮೇಲೆ ಒಂದು ಸಂಜೆ ಬಸ್ಸಿಳಿದು ಬಂದಾಗ ನಮ್ಮ ಮನೆಯವರು ಅಂಗಡಿ ಬಿಟ್ಟು ರಸ್ತೆಯಲ್ಲಿ ನಿಂತಿದ್ದರು. ಅವ್ವನ್ನ ಕೇಳು ಎಂದು ಒಳಗೆ ಕೈ ತೋರಿಸಿದರು. ಅತ್ತೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಸೀರೆಯ ಮಡಿಲು ಒದ್ದೆಯಾಗಿತ್ತು. ಲೋಟ ಚೆಲ್ಲಿಕೊಂಡಿದ್ದರು.

"ಕೇಳವ್ಳೆ ಕಣೇ" ಎಂದರು. ಒದ್ದೆ ಮಡಿಲನ್ನು ಹಿಂಡುತ್ತಾ ಮತ್ತೆ ಹೇಳಿದರು. "ನನ್ನೇ ಕೇಳವ್ಳೆ. ನನ್ ಮುಖ ನೋಡಿ."

ಅಷ್ಟು ವರ್ಷ ಆ ಮಗುವಿನ ಬಾಯಿಗೆ ಎಲ್ಲವನ್ನೂ ಇಟ್ಟವರು ಅವರು. ಉಮಾ ಅವರ ಮುಖ ನೋಡಿದ್ದು ಅದೇ ಮೊದಲು.

ಕುಣಿಗಲ್

ನನ್ನ ಪ್ರವಾಸದ ಕೊನೆಯ ನಿಲ್ದಾಣ ಕುಣಿಗಲ್. ತುಮಕೂರಿನಿಂದ ಒಂದೇ ಬಸ್ಸು. ಆದರೂ ಎಲ್ಲಕ್ಕಿಂತ ದೂರದ ಊರು ಅದೇ ಆಗಿತ್ತು. ಯಾಕೆಂದರೆ ಅಲ್ಲಿ ಅತ್ತೆಯ ಬಳಗವಿತ್ತು, ಅವರೆಲ್ಲರ ಕೈಯೂ ಅತ್ತೆಯ ಕೈಯಂಥದೇ. ಉಮಾಳಿಗೆ ನಾಲ್ಕು ತುಂಬಿ ಆಗಲೇ ಕೆಲವು ತಿಂಗಳಾಗಿದ್ದವು. ಅತ್ತೆಯ ತಂಗಿ ಗೌರಮ್ಮನವರ ಮನೆಗೆ ಹೋದೆವು. ದಾರಿಯಲ್ಲಿ ಕುದುರೆ ಫಾರಂನ ಬೇಲಿ ಕಂಡಾಗ ಅತ್ತೆ ನನ್ನ ಕಡೆ ನೋಡಿದರು, ನಾನು ಕೆರೆಯ ಕಡೆ ನೋಡಿದೆ.

ನಾವು ಕೂತಿದ್ದೇ ತಡ, ಗೌರಮ್ಮ ಕೊಬ್ಬರಿ ಮಿಠಾಯಿಯ ತಟ್ಟೆ ಹಿಡಿದುಕೊಂಡು ಬಂದರು. "ಪಾಪ, ಬಾಯಿಲ್ಲದ ಕೂಸು" ಎನ್ನುತ್ತಾ ಒಂದು ತುಂಡು ತೆಗೆದು ನೇರ ಉಮಾಳ ಬಾಯಿಗೆ ಹಿಡಿದರು. ಅತ್ತೆ ತಂಗಿಯ ಮುಂಗೈ ಹಿಡಿದು ನಿಲ್ಲಿಸಿದರು.

"ತಡಿ ಗೌರಿ. ಅವ್ಳು ಕೇಳ್ತಾಳೆ."

ಗೌರಮ್ಮ ಅಕ್ಕನ ಮುಖವನ್ನು ನೋಡಿದರು. ಇವಳಿಗೆ ಏನಾದರೂ ಆಗಿದೆಯೇ ಎನ್ನುವಂತಿತ್ತು ಅವರ ನೋಟ. ಮನೆ ತುಂಬ ಜನ, ಎಲ್ಲರೂ ಇತ್ತ ತಿರುಗಿದರು.  ಮಿಠಾಯಿ ಕೇಳುವುದನ್ನು ಉಮಾಳಿಗೆ ನಾವು ಕಲಿಸಿಯೇ ಇರಲಿಲ್ಲ. ಗೊತ್ತಿಲ್ಲದ ಮನೆ, ಗೊತ್ತಿಲ್ಲದ ಹೆಂಗಸು. ಉಮಾ ತಟ್ಟೆಯನ್ನು ನೋಡಿದಳು, ಮೂಗಿನಲ್ಲಿ ಕುಂಯ್ ಎಂದಳು. ಕಿರುಚುವುದಕ್ಕೆ ಮುಂಚೆ ಹಾಗೆ ಮಾಡುತ್ತಾಳೆ. ಅವಳ ಮೊಣಕೈ ಹಿಡಿದು ತಟ್ಟೆಗೆ ಮುಟ್ಟಿಸಿಬಿಡೋಣ ಎಂದು ನಾನು ಕೈ ಚಾಚಿದೆ. ಅತ್ತೆ ತಮ್ಮ ಇನ್ನೊಂದು ಕೈಯನ್ನು ನನ್ನ ಕೈಮೇಲಿಟ್ಟು ಒತ್ತಿ ಹಿಡಿದರು. ಅವರ ತುಟಿ ನಿಧಾನವಾಗಿ ಅಲುಗುತ್ತಿತ್ತು.

ಉಮಾ ಒಂದು ಹೆಜ್ಜೆ ಮುಂದೆ ಬಂದಳು. ತಟ್ಟೆಯ ಅಂಚಿಗೆ ಬೆರಳಿಟ್ಟಳು. ತಲೆಯೆತ್ತಿ ಗೌರಮ್ಮನ ಮುಖ ನೋಡಿ, "ನೀ" ಎಂದಳು.

"ನೀರು ಬೇಕಂತೇನೋ ಅಕ್ಕ" ಎಂದು ಗೌರಮ್ಮ ಗಾಬರಿಯಿಂದ ಅಡಿಗೆಮನೆಯ ಕಡೆ ತಿರುಗಿದರು.

"ಅವ್ಳಿಗೆ ಗೊತ್ತಿರೋದು ಅದೊಂದೇ ಮಾತು. ಅದ್ರಲ್ಲೇ ಕೇಳವ್ಳೆ. ಕೊಡೇ ಬೇಗ."

ಗೌರಮ್ಮ ಸಂಭ್ರಮದಲ್ಲಿ ಎರಡು ತುಂಡು ಎತ್ತಿ ಉಮಾಳ ಅಂಗೈಗೆ ಹಾಕಿದರು. ಅತ್ತೆ ಅದರಲ್ಲಿ ಒಂದನ್ನು ತೆಗೆದು ತಟ್ಟೆಗೆ ವಾಪಸ್ಸಿಟ್ಟರು. ಅದನ್ನೂ ಅವಳು ಕೇಳಲಿ ಎಂದು.